ಬಾದಾಮಿಯ ಹೊಂಡದ ಹತ್ತಿರದ ಮಾಳಿಗೆ ಮನೆ: ದುರಸ್ತಿಯೋ, ಮಾರಾಟವೋ?

ಕೆಂಪುಗುಡ್ಡ:
ಎಲ್ಲರಿಗೂ ನಮಸ್ಕಾರ. ಬಾದಾಮಿಯಲ್ಲಿ ಅಗಸ್ತ್ಯತೀರ್ಥ ಹೊಂಡದ ಸಮೀಪದ ಓಣಿಯಲ್ಲಿ ನಮ್ಮದೊಂದು ಹಳೆಯ ಮನೆ ಇದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ (ಮರದ ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು), ಪಡಸಾಲೆ, ನಡುಮನೆ, ಎರಡು ಬೆಳಕಿಂಡಿ, ಮುಂದೊಂದು ಕಟ್ಟೆ. ನಾನು ಬೆಳಗಾವಿಯಲ್ಲಿ ನೌಕರಿಯಲ್ಲಿದ್ದೇನೆ, ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಅವ್ವ ಮಾತ್ರ ಆ ಮನೆ ಬಿಟ್ಟು ಬರಲು ಒಪ್ಪುವುದಿಲ್ಲ. ಹೋದ ಮಳೆಗಾಲದಲ್ಲಿ ಅಡುಗೆಮನೆಯ ಮೇಲಿನ ಒಂದು ಜಂತಿ ಮುರಿದು ಬುಟ್ಟಿಗಟ್ಟಲೆ ಮಣ್ಣು ಒಲೆಯ ಮೇಲೆ ಬಿತ್ತು. ಅವ್ವ ಆ ಹೊತ್ತಿಗೆ ಹಿತ್ತಲಲ್ಲಿದ್ದಳು, ಪುಣ್ಯ.

ಗೌಂಡಿಯನ್ನು ಕರೆಸಿದೆ. ಅವನು ಮೇಲೆ ನೋಡಿ ಒಂದೇ ಮಾತು ಹೇಳಿದ: "ಎಲ್ಲ ಕಿತ್ತು ಸ್ಲ್ಯಾಬ್ ಹಾಕಿಬಿಡೋಣ." ಪಕ್ಕದ ಮನೆಯವರು ಓಡಿ ಬಂದು, ಇದು ಸ್ಮಾರಕದ 100 ಮೀಟರ್ ಒಳಗಿನ ಜಾಗ, ಒಂದು ಇಟ್ಟಿಗೆ ಇಟ್ಟರೂ ನೋಟಿಸು ಬರುತ್ತದೆ ಎಂದರು. ಕೇಳಲು ಒಂದು ಕಚೇರಿಗೆ ಹೋದೆ. ಇಂದು ಸಾಹೇಬರು ಇಲ್ಲ, ನಾಳೆ ಬನ್ನಿ, ಕಾಗದ ತನ್ನಿ ಎಂದು ಅಲೆದಾಡಿಸಿ, ಕೊನೆಗೆ ಬಾಯಿಮಾತಿನಲ್ಲಿ "ಮುಟ್ಟುವ ಹಾಗಿಲ್ಲ" ಎಂದು ಕಳಿಸಿದರು. ಬರವಣಿಗೆಯಲ್ಲಿ ಕೊಡಿ ಎಂದರೆ ಅದೂ ಇಲ್ಲ.

ತಮ್ಮ ಮಾರೋಣ ಎನ್ನುತ್ತಾನೆ. ನನ್ನ ಆಲೋಚನೆ ಬೇರೆ. ಮಾಳಿಗೆ ಸರಿಪಡಿಸಿ, ಮುಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟರೆ ಅವ್ವನಿಗೂ ಮಾತನಾಡಲು ಜನ ಸಿಗುತ್ತಾರೆ, ಖರ್ಚೂ ಹುಟ್ಟುತ್ತದೆ. ಆದರೆ ಬಾದಾಮಿಗೆ ಬರುವವರು ಗುಹೆಯ ಮೆಟ್ಟಿಲು ಹತ್ತಿ, ಇಳಿದು, ಫೋಟೊ ತೆಗೆದುಕೊಂಡು ಎರಡು ಗಂಟೆಯೊಳಗೆ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ರಾತ್ರಿ ಉಳಿಯುವವರು ಯಾರು? ಕಾನೂನು ತಿಳಿದವರು, ಮಾಳಿಗೆ ಕೆಲಸ ತಿಳಿದವರು, ಊರು ಬಲ್ಲವರು ದಯವಿಟ್ಟು ಹೇಳಿ.

ಜವಾರಿ ಜೋಳ:
ಮಾರಬೇಡಿ. ಮುಂದಿನವರು ಮಾತನಾಡಲಿ.

ಕಾಗದಪತ್ರ:
ಅಣ್ಣಾವರೇ, "ಮುಟ್ಟುವ ಹಾಗಿಲ್ಲ" ಎಂಬುದು ಕಾನೂನಲ್ಲ, ಕುರ್ಚಿಯ ಮೇಲೆ ಕುಳಿತವರ ಸೋಮಾರಿತನ. ಬಿಡಿಸಿ ಹೇಳುತ್ತೇನೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಜಾಗದ ಗಡಿಯಿಂದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಗಡಿಯಿಂದ ಎಂಬುದನ್ನು ಗಮನಿಸಿ. ಗುಡಿಯ ಗೋಡೆಯಿಂದ ಅಳೆಯುವುದಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಆದರೆ 16 ಜೂನ್ 1992ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಅದರ ಮಾಲೀಕ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆ ಅರ್ಜಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ, ಅವರ ಶಿಫಾರಸು ಬಂದ ಮೇಲೆ ಅನುಮತಿ ಸಿಗುತ್ತದೆ. ನಿಮ್ಮ ಮನೆ 1992ಕ್ಕಿಂತ ಹಳೆಯದೆಂದು ತೋರಿಸುವ ಕಾಗದ ಬೇಕು. ಪುರಸಭೆಯ ಹಳೆಯ ಉತಾರ (ಆಸ್ತಿ ದಾಖಲೆಯ ನಕಲು), ಮನೆ ಕರದ ಪಾವತಿ, ಕರೆಂಟು ಬಿಲ್ಲು, ಅಜ್ಜನ ಕಾಲದ ವಾಟ್ನಿ (ಆಸ್ತಿ ಪಾಲು) ಪತ್ರ, ಸಿಕ್ಕಿದ್ದನ್ನೆಲ್ಲ ಕೂಡಿಸಿ. ಮನೆಯ ನಾಲ್ಕೂ ಮಗ್ಗುಲಿನ ಫೋಟೊ, ಮುರಿದ ಜಂತಿಯ ಫೋಟೊ ತೆಗೆದಿಡಿ.

ಅನುಮತಿ ಇಲ್ಲದೆ ಗೌಂಡಿಯ ಮಾತು ಕೇಳಿ ಸ್ಲ್ಯಾಬ್ ಹಾಕಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಡುಗೆಮನೆಯ ಮಾಳಿಗೆಗಾಗಿ ಅಷ್ಟು ದೊಡ್ಡ ಧೈರ್ಯ ಬೇಡ. ಅರ್ಜಿಯಲ್ಲಿ "ದುರಸ್ತಿ" ಎಂದೇ ಬರೆಯಿರಿ. ಮೇಲೊಂದು ಮಹಡಿಯ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಸಾಲುಮರ:
@ಕಾಗದಪತ್ರ ಇಷ್ಟು ಸರಳವಾಗಿದ್ದರೆ ಬಾದಾಮಿಯ ಅರ್ಧ ಊರು ಏಕೆ ಬಿರುಕು ಬಿಟ್ಟ ಗೋಡೆಯಲ್ಲಿ ಬದುಕುತ್ತಿದೆ?

ಕಾಗದಪತ್ರ:
ಸರಳ ಎಂದು ನಾನು ಎಲ್ಲೂ ಹೇಳಿಲ್ಲ. ಸಾಧ್ಯ ಎಂದೆ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ಒಂದೊಂದು ಹಂತಕ್ಕೂ ಕಾನೂನಿನಲ್ಲೇ ಗಡುವು ಇದೆ. ಬಾಯಿಮಾತಿಗೆ ಗಡುವು ಇಲ್ಲ, ಮೇಲ್ಮನವಿಯೂ ಇಲ್ಲ. ಅದಕ್ಕೇ ಅವರು ಬಾಯಿಮಾತಿನಲ್ಲೇ ಮುಗಿಸುತ್ತಾರೆ.

ನವನಗರದವನು:
ನೀವು 100 ಮೀಟರ್ ಎಂದು ಅಳುತ್ತಿದ್ದೀರಿ. ನಮಗೆ ಬಾಗಲಕೋಟೆಯವರಿಗೆ ಮೀಟರ್ ಎಂದರೆ 519.60 ಮತ್ತು 524.256. ಮೊದಲನೆಯದು ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ, ಎರಡನೆಯದು 2010ರ ಕೃಷ್ಣಾ ನ್ಯಾಯಾಧಿಕರಣ ಹೇಳಿದ ಮಟ್ಟ. ಹಳೆಯ ಊರು ನೀರಿಗೆ ಹೋಯಿತು, ನಾವು ಸೆಕ್ಟರ್ ಸಂಖ್ಯೆಗೆ ಬಂದೆವು. ರಸ್ತೆ ಅಗಲವಾಗಿದೆ, ಗಿಡಮರ ಬೆಳೆದಿವೆ, ಎಲ್ಲ ಸರಿ. ಆದರೆ ನಮ್ಮ ಅಪ್ಪ ಸಾಯುವವರೆಗೂ ಯಾರು ವಿಳಾಸ ಕೇಳಿದರೂ ಹಳೆಯ ಓಣಿಯ ಹೆಸರನ್ನೇ ಹೇಳುತ್ತಿದ್ದರು. ನಿಮ್ಮ ಮನೆ ನಿಂತಿದೆ, ಮುಳುಗಿಲ್ಲ. ಮಾರುವ ಮಾತು ತೆಗೆಯಬೇಡಿ ಎಂದು ನಿಮ್ಮ ತಮ್ಮನಿಗೆ ಹೇಳಿ.

ಬೆಂಗಳೂರು ಪಯಣಿಗ:
ನನ್ನ ಮಾತು ಕಹಿ ಅನ್ನಿಸಬಹುದು. ಹೋದ ಡಿಸೆಂಬರ್‌ನಲ್ಲಿ ಬಾದಾಮಿಗೆ ಬಂದಿದ್ದೆ. ನಾಲ್ಕನೆಯ ಗುಹೆಯ ಮುಂದೆ ನಿಂತು ಕೆಳಗೆ ನೋಡಿದರೆ ಒಂದು ಕಡೆ ಹಸಿರು ನೀರು, ಕೆಂಪು ಬಂಡೆ, ಭೂತನಾಥ ಗುಡಿ. ಇನ್ನೊಂದು ಕಡೆ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕು, ಡಿಶ್ ಆಂಟೆನಾ, ಗುಲಾಬಿ ಬಣ್ಣದ ಗೋಡೆಗಳು. ಚಾಲುಕ್ಯರ ರಾಜಧಾನಿಯ ಅಂದ ಉಳಿಯಬೇಕಾದರೆ ಸ್ಮಾರಕದ ಮಗ್ಗುಲಿನ ಮನೆಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕು. ಪರಿಹಾರ ಕೊಟ್ಟೇ ಸಾಗಿಸಲಿ. ಹಂಪಿಯಲ್ಲಿ ಮಾಡಲಿಲ್ಲವೇ?

ಚೊಳಚಗುಡ್ಡದ ಮಗಳು:
ಹಂಪಿಯ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ ಮೇಲೆ ಅಲ್ಲಿದ್ದವರು ಎಷ್ಟು ವರ್ಷ ಅಲೆದಾಡಿದರು ಎಂದು ಒಮ್ಮೆ ಹೋಗಿ ಕೇಳಿ ಬನ್ನಿ ಸರ್. ನಿಮಗೆ ಫೋಟೊದಲ್ಲಿ ಟ್ಯಾಂಕು ಕಾಣಬಾರದು. ನಮಗೆ ಆ ಟ್ಯಾಂಕಿನಲ್ಲಿ ನೀರು ಇರಬೇಕು. ಬೆಳಗ್ಗೆ ಹೊಂಡದ ಮೆಟ್ಟಿಲಿನ ಮೇಲೆ ಬಟ್ಟೆ ಒಗೆಯುವ ಹೆಂಗಸರನ್ನು ನೀವು ಫೋಟೊ ತೆಗೆದಿರುತ್ತೀರಿ, ಖಂಡಿತ. ಅವರು ಬೇಕು, ಅವರ ಮನೆ ಬೇಡ!

ಬೆಂಗಳೂರು ಪಯಣಿಗ:
ನಾನು ಬಟ್ಟೆ ಒಗೆಯುವವರ ಫೋಟೊ ತೆಗೆದಿಲ್ಲ ಅಕ್ಕಾವರೇ.

ಜವಾರಿ ಜೋಳ:
ಎಲ್ಲರೂ ತೆಗೆಯುತ್ತಾರೆ.

ನಿವೃತ್ತ ಮಾಸ್ತರ:
ಪಯಣಿಗರೇ, ನೀವು "ರಾಜಧಾನಿ" ಎಂದಿರಿ. ರಾಜಧಾನಿ ಎಂದರೆ ಬರಿಯ ಗುಡಿಗಳ ಸಾಲು ಎಂದುಕೊಂಡಿದ್ದೀರಿ. ಉತ್ತರದ ಗುಡ್ಡದ ಬಂಡೆಯ ಮೇಲೆ ಒಂದನೆಯ ಪುಲಿಕೇಶಿಯ ಶಾಸನವಿದೆ, ಶಕ 465, ಅಂದರೆ 543. ಅದರಲ್ಲಿ ಹೇಳಿರುವುದು ಕೋಟೆ ಕಟ್ಟಿದ ಸಂಗತಿ. ಕೋಟೆ ಮೊದಲು, ಗುಹೆ ಆಮೇಲೆ. ಕೋಟೆ ಇದ್ದಲ್ಲಿ ಸೈನಿಕ, ಕಮ್ಮಾರ, ಕುಂಬಾರ, ಗಾಣಿಗ ಇದ್ದೇ ಇರುತ್ತಾರೆ. ಎರಡು ಗುಡ್ಡಗಳ ನಡುವಿನ ನೀರಿಗೆ ಒಡ್ಡು ಕಟ್ಟಿ, ಅದರ ಬಾಯಿಗೆ ಊರು ಕಟ್ಟಿದ್ದಾರೆ. ಇಂದಿನ ಓಣಿಗಳು ಕುಳಿತಿರುವುದೂ ಅಲ್ಲೇ. ಮನೆಗಳು ಬದಲಾಗಿವೆ, ಗೋಡೆಯಲ್ಲಿ ಹಳೆಯ ಕೆತ್ತನೆಯ ಕಲ್ಲುಗಳೂ ಸೇರಿಕೊಂಡಿವೆ, ಆದರೆ ಜನ ಇಲ್ಲಿ ಎಡೆಬಿಡದೆ ಬದುಕಿದ್ದಾರೆ. ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದರು, ವಿಜಯನಗರ, ಆದಿಲಶಾಹಿ, 1786ರಲ್ಲಿ ಮರಾಠರು ಮತ್ತು ನಿಜಾಮರು ಸೇರಿ ಟಿಪ್ಪುವಿನಿಂದ ಕೋಟೆ ಕಿತ್ತುಕೊಂಡರು, 1818ರಲ್ಲಿ ಇಂಗ್ಲಿಷರು ಬಂದರು. ಇಷ್ಟೂ ಜನ ಆಳಿದರು, ಊರನ್ನು ಎತ್ತಿ ಬೇರೆ ಕಡೆ ಇಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಹುಲಿಹೆಜ್ಜೆ:
ಮಾಸ್ತರರೇ, ಗುಹೆ ಕೊರೆಸಿದವನು ಇಮ್ಮಡಿ ಪುಲಿಕೇಶಿ ಅಲ್ಲವೇ? ಶಾಲೆಯಲ್ಲಿ ಹಾಗೆಂದೇ ಕಲಿತ ನೆನಪು.

ನಿವೃತ್ತ ಮಾಸ್ತರ:
ಅಲ್ಲ ತಮ್ಮಾ. ಮೂರನೆಯ ಗುಹೆಗೆ ತಾರೀಖು ಇರುವ ಶಾಸನವೇ ಇದೆ. ಶಕ 500, ಅಂದರೆ 578. ಆಗ ಆಳುತ್ತಿದ್ದವನು ಒಂದನೆಯ ಕೀರ್ತಿವರ್ಮ, ಗುಹೆ ಮಾಡಿಸಿದವನು ಅವನ ತಮ್ಮ ಮಂಗಳೇಶ. ಇಮ್ಮಡಿ ಪುಲಿಕೇಶಿ ಕೀರ್ತಿವರ್ಮನ ಮಗ, ಪಟ್ಟಕ್ಕೆ ಬಂದದ್ದು ಅದಾಗಿ ಮೂವತ್ತು ವರ್ಷದ ಮೇಲೆ, ಅದೂ ಇದೇ ಚಿಕ್ಕಪ್ಪನ ಜೊತೆ ಕಾದಾಡಿ. ಆ ಗುಹೆಯ ಹೊರಗೆ ಮಂಗಳೇಶನ ಕನ್ನಡ ಶಾಸನವೂ ಇದೆ. ಎಲ್ಲರೂ ಅದರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಓದುವುದು ಹೋಗಲಿ, ತಿರುಗಿ ನೋಡುವುದೂ ಇಲ್ಲ.

ಗುಮ್ಮಟ ನಗರಿ:
ಪುಲಿಕೇಶಿ ಹರ್ಷನನ್ನು ತಡೆದ ಕಥೆ ಎಲ್ಲರಿಗೂ ಬಾಯಿಪಾಠ. 642ರಲ್ಲಿ ಪಲ್ಲವ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದದ್ದನ್ನು ಮಾತ್ರ ಊರಿನವರು ಮೆಲ್ಲಗೆ ದಾಟಿಸಿಬಿಡುತ್ತೀರಿ.

ನಿವೃತ್ತ ಮಾಸ್ತರ:
ದಾಟಿಸುವುದು ಏಕೆ? ಹೊಂಡದ ಹತ್ತಿರದ ಬಂಡೆಯ ಮೇಲೆ ಅವನ ಶಾಸನ ಇಂದಿಗೂ ಇದೆ. ಸೋತದ್ದನ್ನು ಅಳಿಸದೆ ಬಿಟ್ಟ ಊರು ನಮ್ಮದು. ಹನ್ನೆರಡು ಹದಿಮೂರು ವರ್ಷದ ಮೇಲೆ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. ವಿಜಯಪುರದವರು ಮಾತನಾಡಿದ್ದೀರಿ ಎಂದಮೇಲೆ ಒಂದು ಹಳೆಯ ಬಾಕಿ ಕೇಳುತ್ತೇನೆ. ಮಹಾಕೂಟದ ಮಂಗಳೇಶನ ಕಂಬ ನಿಮ್ಮ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಯಾವಾಗ ವಾಪಸು ಕೊಡುತ್ತೀರಿ?

ಗುಮ್ಮಟ ನಗರಿ:
ಬಾಗಲಕೋಟೆ ನಮ್ಮ ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ. ಆಸ್ತಿ ಹಂಚಿಕೆಯ ಹೊತ್ತಿಗೆ ಕೇಳಬೇಕಿತ್ತು ಗುರುಗಳೇ.

ಚೊಳಚಗುಡ್ಡದ ಮಗಳು:
ಕೇಳದೆ ಹೋದರೆ ಆಸ್ತಿ ನಿಮ್ಮದಾಗುತ್ತದೆಯೇ? ಇದು ಥೇಟ್ ನಮ್ಮ ದೊಡ್ಡಪ್ಪನ ನ್ಯಾಯ.

ಗೌಂಡಿ ಮನೆತನ:
ಇತಿಹಾಸ ಆಯಿತು, ಮಾಳಿಗೆಗೆ ಬರೋಣ. ನಮ್ಮದು ಗುಳೇದಗುಡ್ಡ ಕಡೆ, ಮೂರು ತಲೆಮಾರಿನಿಂದ ಇದೇ ಕೆಲಸ. ಕೆಂಪುಗುಡ್ಡ ಅವರೇ, ನಿಮ್ಮ ಗೌಂಡಿಗೆ ಮಣ್ಣಿನ ಕೆಲಸ ಬರುವುದಿಲ್ಲ, ಅದಕ್ಕೇ ಸ್ಲ್ಯಾಬ್ ಎಂದಿದ್ದಾನೆ. ಹಳೆಯ ಮನೆಗಳ ಗೋಡೆ ಕಲ್ಲಿನದಾದರೂ ನಡುವೆ ಇರುವುದು ಮಣ್ಣಿನ ಗಾರೆ. ಅದರ ಮೇಲೆ ಕಾಂಕ್ರೀಟು ಸ್ಲ್ಯಾಬ್ ಹೊರಿಸಿದರೆ ಗೋಡೆಯ ಹೊಟ್ಟೆ ಮುಂದಕ್ಕೆ ಬರುತ್ತದೆ. ಸ್ಲ್ಯಾಬ್ ಹೊರಬೇಕಾದರೆ ಕಂಬ ನಿಲ್ಲಿಸಬೇಕು, ಕಂಬ ನಿಲ್ಲಿಸಲು ಅಡಿಪಾಯ ಅಗೆಯಬೇಕು, ಅಗೆದರೆ ಕಾಗದಪತ್ರ ಅವರು ಹೇಳಿದ ಕಾನೂನು ಎದ್ದು ನಿಲ್ಲುತ್ತದೆ.

ಮಾಡಬೇಕಾದದ್ದು ಇಷ್ಟು. ಮಳೆಗಾಲ ಕಳೆದ ಮೇಲೆ ಮಾಳಿಗೆಯ ಮಣ್ಣನ್ನು ಪೂರ್ತಿ ಇಳಿಸಿ. ಪ್ರತಿವರ್ಷ ಸೋರುತ್ತದೆಂದು ಮೇಲೆ ಮೇಲೆ ಮಣ್ಣು ಹಾಕುತ್ತಾ ಹೋಗಿರುತ್ತೀರಿ, ಅದು ಮೊಳಕಾಲುದ್ದ ಆಗಿರುತ್ತದೆ. ಜಂತಿ ಮುರಿದದ್ದು ಆ ಭಾರಕ್ಕೇ, ಹಳತಾದದ್ದಕ್ಕೆ ಮಾತ್ರ ಅಲ್ಲ. ತೊಲೆಗಳನ್ನು ಒಂದೊಂದಾಗಿ ಕೊಡತಿಯಿಂದ ಬಡಿದು ನೋಡಿ. ಗಟ್ಟಿ ಸದ್ದು ಬಂದರೆ ಇರಲಿ, ಬದ್ದು ಸದ್ದು ಬಂದರೆ ಗೋಡೆಯೊಳಗಿನ ತುದಿಯನ್ನು ಗೆದ್ದಲು ತಿಂದಿದೆ. ಹಾಳಾದ ಜಂತಿಯನ್ನಷ್ಟೇ ಬದಲಿಸಿ, ಬೇವು ಇಲ್ಲವೇ ಸಾಗವಾನಿ ಹಾಕಿ. ಮೇಲೆ ಹಲಗೆ ಅಥವಾ ತೆಳು ಕಲ್ಲುಚಪ್ಪಡಿ, ಅದರ ಮೇಲೆ ಸುಣ್ಣ ಬೆರೆಸಿ ಕಲಸಿದ ಮಣ್ಣನ್ನು ಗೇಣಿಗಿಂತ ಕಡಿಮೆ ದಪ್ಪ ಹಾಕಿ ಬಡಿಯಬೇಕು. ಕೊನೆಗೆ ಸವಳು ಮಣ್ಣಿನ ಪದರ. ಸವಳಿನಲ್ಲಿ ಹುಲ್ಲು ಹುಟ್ಟುವುದಿಲ್ಲ, ಬೇರು ಇಳಿಯುವುದಿಲ್ಲ. ನೀರು ಹರಿದುಹೋಗುವ ದೋಣಿಯ ಕಡೆಗೆ ಇಳಿಜಾರು ಸರಿಯಾಗಿದೆಯೇ ಎಂದು ಒಂದು ಕೊಡ ನೀರು ಸುರಿದು ನೋಡಿ, ಆಮೇಲೆ ಕೂಲಿ ಕೊಡಿ.

ಇನ್ನೊಂದು ಮಾತು. ಗೋಡೆಗೆ ಸಿಮೆಂಟು ಬಳಿಯಬೇಡಿ. ನಮ್ಮ ಕಡೆಯ ಮರಳುಗಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಕಲ್ಲು ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ.

ಪದರಗಲ್ಲು:
ಮೇಲಿನ ಮಾತು ನೂರಕ್ಕೆ ನೂರು ಸರಿ. ನಾನು ಭೂವಿಜ್ಞಾನ ಓದಿದವನು. ಬಾದಾಮಿಯ ಈ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ "ಕೇವ್ ಟೆಂಪಲ್ ಅರೆನೈಟ್". ಕಲಾದಗಿ ಶಿಲಾಸಮೂಹದ ಮೇಲುಭಾಗ, ಜೀವಿಗಳಿಗೆ ಚಿಪ್ಪು, ಎಲುಬು ಮೂಡುವುದಕ್ಕೂ ಬಹಳ ಹಿಂದೆ ನೀರು ತಂದು ಹಾಸಿದ ಮರಳು. ಕಬ್ಬಿಣದ ಆಕ್ಸೈಡಿನಿಂದ ಕೆಂಪು. ಗುಹೆಯ ಗೋಡೆಯನ್ನು ಹತ್ತಿರದಿಂದ ನೋಡಿ, ಕೆಂಪು, ತಿಳಿಗುಲಾಬಿ, ಬಿಳಿ ಗೆರೆಗಳು ಓರೆಯಾಗಿ ಒಂದರ ಮೇಲೊಂದು ಹರಿದಿರುತ್ತವೆ. ಹಳೆಯ ನೀರಿನ ಹರಿವಿನ ಗುರುತು ಅವು. ಮೂರನೆಯ ಗುಹೆಯಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮೈಮೇಲೂ ಆ ಗೆರೆ ಹಾಯ್ದಿದೆ, ಶಿಲ್ಪಿ ಅದನ್ನು ತಪ್ಪಿಸಲು ಹೋಗಿಲ್ಲ.

ಹುಬ್ಬಳ್ಳಿ ಗಾಡಿ:
ಜನ ಏಕೆ ಉಳಿಯುವುದಿಲ್ಲ ಎಂದು ಕೇಳಿದಿರಿ. ಬಾಡಿಗೆ ಕಾರು ಓಡಿಸುವ ನಾನು ಹೇಳುತ್ತೇನೆ. ಗಿರಾಕಿಗಳು ಬರುವಾಗಲೇ ಪಟ್ಟಿ ಹಿಡಿದು ಬರುತ್ತಾರೆ. ಬೆಳಗ್ಗೆ ಹುಬ್ಬಳ್ಳಿ ಬಿಟ್ಟು ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಸಾಧ್ಯವಾದರೆ ಕೂಡಲಸಂಗಮ, ರಾತ್ರಿ ವಾಪಸು. ಮಹಾಕೂಟ ಎಂದರೆ "ಅದೂ ಗುಡಿಯೇ ತಾನೇ" ಎನ್ನುತ್ತಾರೆ. ಬಾದಾಮಿಗೆ ಬರುವ ಹೊತ್ತಿಗೆ ಹನ್ನೊಂದು ಗಂಟೆ, ಬಂಡೆ ಕಾದಿರುತ್ತದೆ, ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಸಾಕು ಸಾಕು. ಊರು ನೋಡಲು ಅವರಿಗೆ ಹೊತ್ತಾದರೂ ಎಲ್ಲಿದೆ?

ರೈಲಿನಲ್ಲಿ ಬರುವವರದು ಇನ್ನೊಂದು ಪಾಡು. ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ. ಆಟೊದವರು ಮುಖ ನೋಡಿ ದರ ಹೇಳುತ್ತಾರೆ.

ಪದರಗಲ್ಲು:
ಸಂಜೆಯವರೆಗೆ ಉಳಿದವರಿಗಷ್ಟೇ ಬಾದಾಮಿ ಸಿಗುತ್ತದೆ. ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನೀರಿಗೆ ತಾಗಿ ಕುಳಿತಿದೆ. ಇಳಿಬಿಸಿಲು ಅದರ ಮೇಲೂ ಹಿಂದಿನ ಬಂಡೆಯ ಮೇಲೂ ನೇರವಾಗಿ ಬೀಳುತ್ತದೆ. ಮಧ್ಯಾಹ್ನ ನೋಡಿದ ಕಲ್ಲು ಇದೇನಾ ಎಂದು ಕಣ್ಣುಜ್ಜಿಕೊಳ್ಳಬೇಕು. ಮಳೆಗಾಲವಾದರೆ ಜೋರು ಮಳೆ ನಿಂತ ಗಳಿಗೆಯಲ್ಲಿ ಗುಡ್ಡದ ತುದಿಯಿಂದ ಅಕ್ಕ-ತಂಗಿ ದಿಡಗು ಧುಮುಕುತ್ತದೆ. ಅರ್ಧ ದಿನ ಇದ್ದು ಹೋಗಿಬಿಡುತ್ತದೆ. ಊರಿನಲ್ಲಿ ಉಳಿದವನ ಪಾಲಿಗೆ ಮಾತ್ರ ಅದು.

ಹಗ್ಗದ ಮನುಷ್ಯ:
ಕೆಂಪುಗುಡ್ಡ ಅಣ್ಣಾ, ರಾತ್ರಿ ಉಳಿಯುವವರು ಇದ್ದಾರೆ. ಬಂಡೆ ಹತ್ತುವವರು. ಚಳಿಗಾಲದಲ್ಲಿ ಬೆಂಗಳೂರು, ಪುಣೆ, ಯುರೋಪಿನಿಂದ ಬರುತ್ತಾರೆ, ಬಂದರೆ ವಾರಗಟ್ಟಲೆ ಇರುತ್ತಾರೆ. ಅವರಿಗೆ ಹವಾನಿಯಂತ್ರಿತ ಕೋಣೆ ಬೇಡ. ಸ್ವಚ್ಛವಾದ ಸಂಡಾಸು, ಬಿಸಿನೀರು, ಹಗ್ಗ ಒಣಗಿಸಲು ಜಾಗ, ಬೆಳಗ್ಗೆ ಬೇಗ ಒಂದಿಷ್ಟು ಅವಲಕ್ಕಿ ಅಥವಾ ಉಪ್ಪಿಟ್ಟು. ರಾತ್ರಿ ನಿಮ್ಮ ಅವ್ವನ ಕೈಯ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಸಿಕ್ಕಿದರೆ ಅವರು ಬೇರೆ ಕಡೆ ಹೋಗುವುದಿಲ್ಲ. ನಾನೂ ಹತ್ತುವವನೇ, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ.

ಸಾಲುಮರ:
ಬಂಡೆಗೆ ಡ್ರಿಲ್ ಹಾಕಿ ಬೋಲ್ಟು ಜಡಿಯುವವರಿಗೆ ಮಣೆ ಹಾಕಬೇಕೇ? ಬಡವ ಜಂತಿ ಬದಲಿಸಿದರೆ ನೋಟಿಸು, ಇವರು ಗುಡ್ಡವನ್ನೇ ತೂತು ಮಾಡಿದರೆ ಸಾಹಸ ಕ್ರೀಡೆ!

ಹಗ್ಗದ ಮನುಷ್ಯ:
ಶಾಸನ, ಶಿಲ್ಪ ಇರುವ ಬಂಡೆಯ ತಂಟೆಗೆ ಹೋಗುವವರನ್ನು ನಾವೇ ಬೈದು ಓಡಿಸುತ್ತೇವೆ. ಸಿಡ್ಲಫಡಿ ಕಡೆ ಹೋಗಿ ನೋಡಿ, ಆದಿಮಾನವರು ಚಿತ್ರ ಬರೆದ ಕಲ್ಲಾಸರೆಯ ಮೇಲೆ ಪ್ರೇಮಿಗಳ ಹೆಸರು ಕೆತ್ತಿದವರು ಯಾರೂ ಯುರೋಪಿನಿಂದ ಬಂದವರಲ್ಲ.

ಸಾಲುಮರ:
ಅದನ್ನು ನಾನು ಸರಿ ಎಂದೆನೇ?

ಕಾಗದಪತ್ರ:
ವಿದೇಶಿಯರ ಮಾತು ಬಂತು, ಇದನ್ನೂ ಬರೆದಿಟ್ಟುಕೊಳ್ಳಿ. ವಿದೇಶಿ ಅತಿಥಿ ನಿಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಹೋಂಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಅವ್ವ ಅಲ್ಲೇ ವಾಸವಾಗಿರುವುದು ನಿಮಗೆ ಅನುಕೂಲವೇ.

ಓಣಿಯ ಹುಡುಗ:
2015ರಲ್ಲಿ ಪಾರಂಪರಿಕ ನಗರಗಳಿಗೆಂದು ಕೇಂದ್ರದ ಹೃದಯ್ ಯೋಜನೆ ಬಂತು. ದೇಶದಲ್ಲಿ ಆರಿಸಿದ್ದು 12 ಊರು. ಕಾಶಿ, ಅಮೃತಸರ, ಮಥುರಾ ಇದ್ದ ಪಟ್ಟಿಯಲ್ಲಿ ನಮ್ಮ ಬಾದಾಮಿ. ಕೇಳಿದಾಗ ಮೈ ಜುಮ್ಮೆಂದಿತ್ತು. 2019ರಲ್ಲಿ ಯೋಜನೆ ಮುಗಿಯಿತು. ನಮ್ಮ ಮನೆಯ ಮುಂದಿನ ಗಟಾರ ಮಾತ್ರ ಪರಂಪರೆಯನ್ನು ಉಳಿಸಿಕೊಂಡಿದೆ.

ಹುಲಿಹೆಜ್ಜೆ:
2018ರಲ್ಲಿ ಮುಖ್ಯಮಂತ್ರಿಯೇ ಬಂದು ನಿಂತು 1,696 ಮತಗಳಿಂದ ಗೆದ್ದ ಕ್ಷೇತ್ರ ನಿಮ್ಮದು. ಆಗ ಗಟಾರ ಕೇಳಲಿಲ್ಲವೇ?

ಓಣಿಯ ಹುಡುಗ:
ಕೇಳಿದೆವು. ಎಲ್ಲ ಪಕ್ಷದವರನ್ನೂ ಕೇಳಿದ್ದೇವೆ, ಆ ವಿಷಯದಲ್ಲಿ ನಾವು ಭೇದ ಮಾಡುವವರಲ್ಲ.

ನಿರ್ವಾಹಕ:
ರಾಜಕೀಯ ಇಲ್ಲಿಗೆ ಸಾಕು. ಚುನಾವಣೆಗೆ ಬೇರೆ ಎಳೆ ಇದೆ.

ಬೆಂಗಳೂರು ಪಯಣಿಗ:
ನನ್ನನ್ನು ಬೈದದ್ದೆಲ್ಲ ಓದಿದೆ. ಆದರೂ ಕೇಳುತ್ತೇನೆ. ಯಾರನ್ನೂ ಒಕ್ಕಲೆಬ್ಬಿಸುವುದು ಬೇಡ, ಒಪ್ಪೋಣ. ಹಾಗಾದರೆ ಗುಲಾಬಿ ಗೋಡೆ, ಪತ್ರಾಸಿನ (ತಗಡಿನ) ಶೆಡ್ಡು, ನೀಲಿ ತಾಡಪಾಲು ಹೆಚ್ಚುತ್ತಲೇ ಹೋಗಲಿ ಎನ್ನುತ್ತೀರಾ?

ಗೌಂಡಿ ಮನೆತನ:
ಅಣ್ಣಾವರೇ, ತಾಡಪಾಲು ಯಾರಿಗೂ ಇಷ್ಟವಾಗಿ ಹಾಕಿದ್ದಲ್ಲ. ಮಾಳಿಗೆ ಸೋರುತ್ತದೆ, ದುರಸ್ತಿಗೆ ಅನುಮತಿ ಸಿಗುವುದಿಲ್ಲ ಎಂದು ಹೆದರಿಸಿರುತ್ತಾರೆ, ಅದಕ್ಕೇ ತಾಡಪಾಲು. ಪತ್ರಾಸೂ ಹಾಗೆಯೇ. ನೆಲಕ್ಕೆ ಕಟ್ಟಿದ್ದಲ್ಲ, ಬೇಕಾದರೆ ಬಿಚ್ಚುತ್ತೇವೆ ಎಂದು ಹೇಳಿ ಪಾರಾಗಬಹುದು. ಮಾಳಿಗೆಯನ್ನು ಮಾಳಿಗೆಯಾಗಿಯೇ ಸರಿಮಾಡಲು ಸುಲಭವಾಗಿ ಬಿಟ್ಟಿದ್ದರೆ ನಿಮ್ಮ ಫೋಟೊ ಇನ್ನೂ ಚೆನ್ನಾಗಿ ಬರುತ್ತಿತ್ತು.

ಬೆಂಗಳೂರು ಪಯಣಿಗ:
ಈ ಮಾತಿನಲ್ಲಿ ಹುರುಳಿದೆ. ಗುಲಾಬಿ ಬಣ್ಣಕ್ಕೆ ಮಾತ್ರ ನನ್ನ ಕ್ಷಮೆ ಇಲ್ಲ.

ಚೊಳಚಗುಡ್ಡದ ಮಗಳು:
ಗುಲಾಬಿ ಬಣ್ಣ ನಮ್ಮ ಮನೆಯದೇ. ಮಗಳ ಮದುವೆಗೆ ಬಳಿಸಿದ್ದು.

ಕೆಂಪುಗುಡ್ಡ:
ಎಲ್ಲರ ಉತ್ತರಗಳನ್ನೂ ಓದಿದೆ, ತುಂಬ ಉಪಕಾರವಾಯಿತು. ಅವ್ವನ ಟ್ರಂಕಿನಲ್ಲಿ ಅಜ್ಜನ ಹೆಸರಿನ 1970ರ ದಶಕದ ಕರ ಪಾವತಿ ಸಿಕ್ಕಿದೆ. ಅರಿಸಿನ ಬಟ್ಟೆಯಲ್ಲಿ ಕಟ್ಟಿ, ಗುಳೇದಗುಡ್ಡದ ಖಣಗಳ ನಡುವೆ ಇಟ್ಟಿದ್ದಳು. ಅಂಚು ಹಳದಿಯಾಗಿದೆ, ಸಹಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಕಾಗದಪತ್ರ ಅವರೇ, ಇದು ನಡೆಯುತ್ತದೆಯೇ? ಮನೆಯ ಸಂಖ್ಯೆ ಆಗಿನದು ಬೇರೆ, ಈಗಿನದು ಬೇರೆ.

ಗೌಂಡಿ ಮನೆತನ ಅವರು ಹೇಳಿದಂತೆ ಮಾಳಿಗೆಯ ಮಣ್ಣು ಅಳೆದೆ. ಮೊಳಕಾಲಲ್ಲ, ಕೆಲವು ಕಡೆ ಅದಕ್ಕೂ ಮೇಲೆ ಇದೆ. ಬಂಡೆ ಹತ್ತುವವರು ಬರುತ್ತಾರೆ ಎಂದು ಅವ್ವನಿಗೆ ಹೇಳಿದೆ. "ಮನೆ ಮಠ ಬಿಟ್ಟು ಅಷ್ಟು ದೂರದಿಂದ ಬಂಡೆ ಹತ್ತಲು ಬರುತ್ತಾರೆಯೇ, ಅವರಿಗೆ ತಾಯಿ ತಂದೆ ಇಲ್ಲವೇ" ಎಂದು ಕೇಳಿದಳು. ರೊಟ್ಟಿ ಬಡಿಯಲು ಮಾತ್ರ ತಯಾರಿದ್ದಾಳೆ. ತಮ್ಮ ಇನ್ನೂ ಒಪ್ಪಿಲ್ಲ. ಖರ್ಚಿನ ಅಂದಾಜು ತೋರಿಸು, ಆಮೇಲೆ ನೋಡೋಣ ಎಂದಿದ್ದಾನೆ.

ಕಾಗದಪತ್ರ:
ಚಿನ್ನದಂಥ ಕಾಗದ. ಹಳೆಯ ಸಂಖ್ಯೆ ಮತ್ತು ಹೊಸ ಸಂಖ್ಯೆ ಒಂದೇ ಆಸ್ತಿಯದು ಎಂದು ಪುರಸಭೆಯಿಂದ ದೃಢೀಕರಣ ಪಡೆಯಿರಿ. ಮೂಲವನ್ನು ಯಾರ ಕೈಗೂ ಕೊಡಬೇಡಿ, ನಕಲು ಮಾತ್ರ ಕೊಡಿ. ವಾರಸಾ (ವಾರಸುದಾರರ ಹೆಸರಿಗೆ ಆಸ್ತಿ ವರ್ಗಾವಣೆ) ಆಗದಿದ್ದರೆ ಅದನ್ನೂ ಈಗಲೇ ಮುಗಿಸಿ, ಇಲ್ಲವಾದರೆ ಅರ್ಜಿದಾರ ಯಾರು ಎಂಬಲ್ಲಿಗೇ ನಿಲ್ಲುತ್ತದೆ. ತಮ್ಮನ ಸಹಿ ಬೇಕಾಗುತ್ತದೆ, ಅವರ ಜೊತೆ ಜಗಳ ಬೇಡ.

ಜಾತ್ರೆ ಗಿರಾಕಿ:
ಬಾಗಿಲು, ಚೌಕಟ್ಟು ಬದಲಿಸುವುದಿದ್ದರೆ ಬನಶಂಕರಿ ಜಾತ್ರೆಯವರೆಗೆ ಕಾಯಿರಿ. ಬನದ ಹುಣ್ಣಿಮೆಗೆ ರಥ ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ಕಟ್ಟಿಗೆ ಬಾಗಿಲಿನ ಸಾಲೇ ಇರುತ್ತದೆ. ಕೊನೆಯ ದಿನಗಳಲ್ಲಿ ಹೋದರೆ ಚೌಕಾಸಿಗೆ ಬಗ್ಗುತ್ತಾರೆ, ವಾಪಸು ಹೊತ್ತುಕೊಂಡು ಹೋಗುವ ಬಾಡಿಗೆ ಉಳಿಯಲಿ ಎಂದು. ಕೋಣೆಗಳೂ ಅಷ್ಟೊತ್ತಿಗೆ ತಯಾರಾದರೆ ನಾಟಕ ನೋಡಲು ಬರುವವರೇ ತುಂಬಿಸುತ್ತಾರೆ. ರಾತ್ರಿಯಿಡೀ ಕಂಪನಿ ನಾಟಕ, ಬೆಳಗ್ಗೆ ಮಲಗಲು ಜಾಗ ಬೇಕೇ ಬೇಕು.

ಹುಲಿಹೆಜ್ಜೆ:
ಈಗಿನ ಕಂಪನಿ ನಾಟಕದ ಹೆಸರುಗಳನ್ನು ಗೋಡೆಯ ಮೇಲೆ ಓದಿದರೆ ಮಕ್ಕಳನ್ನು ಕರೆದುಕೊಂಡು ಹೋಗಲು ಅಂಜಿಕೆಯಾಗುತ್ತದೆ.

ಜಾತ್ರೆ ಗಿರಾಕಿ:
ಹೆಸರು ಗಿರಾಕಿ ಕರೆಯಲು. ಒಳಗೆ ಅದೇ ಅತ್ತೆ, ಸೊಸೆ, ಸಾಲ, ಕಣ್ಣೀರು. ಹೋಗಿ ನೋಡಿ.

ಓಣಿಯ ಹುಡುಗ:
ಮಾಳಿಗೆಯ ಮೇಲೆ ಸೋಲಾರ್ ಹಾಕುವ ಆಲೋಚನೆ ಇದ್ದರೆ ಮಂಗಗಳನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಮನೆಯ ಗಾಜಿನ ಕೊಳವೆಗಳ ಮೇಲೆ ಕುಳಿತು ಜೋಕಾಲಿ ಆಡಿ ಒಡೆದಿವೆ. ಗುಹೆಯ ಮೆಟ್ಟಿಲಿನಲ್ಲಿ ಚೀಲ ಕಸಿಯುವ ಪಡೆಯೇ ಮಧ್ಯಾಹ್ನ ಊರೊಳಗೆ ಬರುತ್ತದೆ. ಅತಿಥಿಗಳಿಗೆ ಕಿಟಕಿಗೆ ಜಾಳಿಗೆ ಬೇಕೇ ಬೇಕು.

ಚೊಳಚಗುಡ್ಡದ ಮಗಳು:
ಸೋಲಾರ್ ಬೇಡ, ಹಂಡೆ ಒಲೆ ಇರಲಿ. ಬೆಂಗಳೂರಿನವರು ಅದಕ್ಕೂ ದುಡ್ಡು ಕೊಡುತ್ತಾರೆ.

ಬೆಂಗಳೂರು ಪಯಣಿಗ:
ಕೊಡುತ್ತೇನೆ. ಮುಂದಿನ ಚಳಿಗಾಲಕ್ಕೆ ಒಂದು ಕೋಣೆ ನನಗಿರಲಿ ಕೆಂಪುಗುಡ್ಡ ಅವರೇ, ಮುಂಗಡವೂ ಕಳಿಸುತ್ತೇನೆ.

ಜವಾರಿ ಜೋಳ:
ಗುಲಾಬಿ ಗೋಡೆ ಕಾಣುವ ಕೋಣೆಯನ್ನೇ ಕೊಡಿ.

ಕೆಂಪುಗುಡ್ಡ:
ಮುಂಗಡ ಈಗಲೇ ಬೇಡ ಸರ್. ಅನುಮತಿ ಬರಲಿ, ಮಾಳಿಗೆ ಆಗಲಿ. ಎರಡನ್ನೂ ಈ ಎಳೆಯಲ್ಲೇ ತಿಳಿಸುತ್ತೇನೆ.

ಹುಬ್ಬಳ್ಳಿ ಗಾಡಿ:
ಗಿರಾಕಿಗಳನ್ನು ನಾನೂ ಕಳಿಸುತ್ತೇನೆ. ಕಾರು ಮನೆಯ ಬಾಗಿಲವರೆಗೆ ಬರುತ್ತದೆಯೇ?

ಓಣಿಯ ಹುಡುಗ:
ಆಟೊ ಬಂದರೂ ಹಿಮ್ಮುಖವಾಗಿಯೇ ಹೊರಗೆ ಹೋಗಬೇಕು. ಕಾರನ್ನು ಬಸ್ ನಿಲ್ದಾಣದ ಕಡೆ ಬಿಟ್ಟು ಚೀಲ ಹೊತ್ತುಕೊಂಡು ನಡೆಯಲು ಹೇಳಿ.